ಶುದ್ಧ ರಿಷಭ ಯಾವುದು?

ಬ್ಯಾಂಕಿನ ವರ್ಗಾವಣೆ ಆದೇಶ ಹಿಡಿದು ನಾನು ಮುಂಬಯಿಗೆ ಬಂದದ್ದು 1982ರಲ್ಲಿ. ಮೂರು ವರ್ಷ ಕಳೆದು ತುಮಕೂರಿಗೆ ವಾಪಸು ಹೋಗುವುದು ಅಂತ ಲೆಕ್ಕ. ಆ ಲೆಕ್ಕ ತಪ್ಪಿತು. ಮಾಟುಂಗಾದಲ್ಲಿ ಕೆಲವು ವರ್ಷ, ಆಮೇಲೆ ಡೊಂಬಿವಲಿ. ನಿವೃತ್ತಿಯೂ ಇಲ್ಲೇ ಆಯಿತು.

ನನ್ನ ಹೆಂಡತಿ ಊರಿನಿಂದ ತಂದ ಸಾಮಾನಿನಲ್ಲಿ ಒಂದು ಸಂಗೀತದ ನೋಟ್‌ಬುಕ್ ಇತ್ತು. ಸರಳೆ ವರಸೆ, ಜಂಟಿ ವರಸೆ, ಗೀತೆ, ವರ್ಣ ಎಲ್ಲವೂ ನೀಲಿ ಮಸಿಯಲ್ಲಿ, ದುಂಡಗಿನ ಕನ್ನಡ ಅಕ್ಷರದಲ್ಲಿ. ಮಗನಿಗೆ ಸಂಗೀತ ಹತ್ತಲಿಲ್ಲ, ಮೊಮ್ಮಗಳಿಗೆ ಹತ್ತಿತು. ಆದರೆ ಅವಳು ಸೇರಿದ್ದು ಪಕ್ಕದ ಬೀದಿಯ ಹಿಂದೂಸ್ತಾನಿ ಕ್ಲಾಸಿಗೆ.

ಒಂದು ಸಂಜೆ ಅಜ್ಜಿ, "ಎಲ್ಲಿ ಪುಟ್ಟಿ, ಶುದ್ಧ ರಿಷಭ ಹಾಡು" ಅಂದಳು. ಮಗು ಹಾಡಿತು.

"ಅದಲ್ಲಮ್ಮ, ಅದು ಚತುಶ್ರುತಿ. ಇದು ಶುದ್ಧ" ಅಂತ ಅಜ್ಜಿ ಹಾಡಿ ತೋರಿಸಿದಳು.

"ಅಜ್ಜಿ, ನೀವು ಹಾಡಿದ್ದು ಕೋಮಲ. ನಮ್ಮ ಕ್ಲಾಸಲ್ಲಿ ಇದೇ ಶುದ್ಧ."

ಮಾತು ಬೆಳೆಯಿತು. ಕೊನೆಗೆ ಅಜ್ಜಿ, "ನಾನು ಹೇಳಿಕೊಟ್ಟರೆ ಅವಳ ಕ್ಲಾಸು ಕೆಡುತ್ತೆ, ಬೇಡ ಬಿಡಿ" ಅಂತ ನೋಟ್‌ಬುಕ್ಕನ್ನು ಬೀರುವಿನೊಳಗಿಟ್ಟಳು.

ನನಗೆ ಹಾಡಲು ಬಾರದು. ಆದರೆ ಎರಡು ಲೆಡ್ಜರ್ ತಾಳೆಯಾಗದಿದ್ದರೆ ನಿದ್ದೆ ಬಾರದ ಕೆಲಸದಲ್ಲಿ ಮೂವತ್ತಾರು ವರ್ಷ ಕಳೆದವನು. ವ್ಯತ್ಯಾಸ ಎಲ್ಲಿ ಬಂತು ಅಂತ ಹುಡುಕಲು ಕೂತೆ.

ಲೆಕ್ಕ ಹೀಗಿದೆ. ಒಂದು ಸ್ಥಾಯಿಯಲ್ಲಿ ಸ್ವರಸ್ಥಾನಗಳು ಹನ್ನೆರಡು. ಹಾರ್ಮೋನಿಯಂ ಮನೆಗಳನ್ನು ಎಣಿಸಿ ನೋಡಿ, ಏಳು ಬಿಳಿ, ಐದು ಕಪ್ಪು. ಸ ಮತ್ತು ಪ ಎರಡೂ ಪದ್ಧತಿಯಲ್ಲಿ ಅಚಲ. ಉಳಿದವುಗಳಿಗೆ ಹೆಸರಿಡುವಾಗ ದಾರಿ ಬೇರೆಯಾಯಿತು. ಕರ್ನಾಟಕ ಪದ್ಧತಿಯಲ್ಲಿ ಶುದ್ಧ ಅಂದರೆ ಆ ಸ್ವರದ ಅತಿ ಕೆಳಗಿನ ಸ್ಥಾನ. ಹಿಂದೂಸ್ತಾನಿಯಲ್ಲಿ ಶುದ್ಧ ಅಂದರೆ ಬಿಲಾವಲ್ ಥಾಟಿನ, ಅಂದರೆ ನಮ್ಮ ಶಂಕರಾಭರಣದ ಸ್ಥಾನ. ಹಾಗಾಗಿ ನಮ್ಮ ಶುದ್ಧ ರಿಷಭ ಅವರಿಗೆ ಕೋಮಲ, ಅವರ ಶುದ್ಧ ನಮಗೆ ಚತುಶ್ರುತಿ. ಅಜ್ಜಿ, ಮೊಮ್ಮಗಳು ಇಬ್ಬರೂ ಸರಿ!

ಮೊದಲಿನಿಂದ ಹೀಗೇ ಇತ್ತೇ ಅಂತ ನೋಡಿದರೆ, ಇತಿಹಾಸದಲ್ಲಿ ನಮ್ಮ ಕಡೆಯವರೇ ಒಬ್ಬರು ಸಿಕ್ಕರು. ತುಮಕೂರು ಬಸ್ಸಿನ ಕಿಟಕಿಯಿಂದ ಶಿವಗಂಗೆ ಬೆಟ್ಟ ಎಷ್ಟು ಸಲ ನೋಡಿದ್ದೇನೋ! ಆ ಬೆಟ್ಟದ ಹತ್ತಿರದ ಸಾತನೂರಿನ ಪುಂಡರೀಕ ವಿಠಲ 16ನೇ ಶತಮಾನದಲ್ಲಿ ಊರು ಬಿಟ್ಟು ಉತ್ತರಕ್ಕೆ ಹೋದವನು. ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ 'ಸದ್ರಾಗಚಂದ್ರೋದಯ' ಬರೆದ. ಮುಂದೆ ಕಛವಾಹ ಮನೆತನದ ಮಾಧವಸಿಂಹ, ಮಾನಸಿಂಹರ ಆಶ್ರಯದಲ್ಲಿ 'ರಾಗಮಂಜರಿ' ಬರೆದ. ಅದರಲ್ಲಿ ಪಾರಸೀಕ ರಾಗಗಳ ಹೆಸರೂ ಬರುತ್ತದೆ. ಹೋದ ಕಡೆಯ ಸಂಗೀತಕ್ಕೆ ಕಿವಿಗೊಟ್ಟ ಈ ಮನುಷ್ಯ, ಶುದ್ಧ ಸ್ವರಗಳ ಅಳತೆಯನ್ನು ಮಾತ್ರ ಊರಿನದೇ ಇಟ್ಟುಕೊಂಡ. ನನ್ನ ಹೆಂಡತಿಯ ಹಾಗೆ! ಉತ್ತರದಲ್ಲಿ ಬಿಲಾವಲನ್ನೇ ಶುದ್ಧವೆಂದು ಬರಹದಲ್ಲಿ ಖಚಿತಪಡಿಸಿದವರು ಪಟ್ನಾದ ಮಹಮ್ಮದ್ ರೆಜಾ, 1813ರ ಸುಮಾರಿಗೆ.

ದಕ್ಷಿಣದ ಲೆಕ್ಕ ಬರೆದವನದೂ ಊರಾಚೆಯ ಕನ್ನಡ ಮನೆತನವೇ. ತಂಜಾವೂರಿನ ನಾಯಕರಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡಿಗರು. ಅವರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ 'ಚತುರ್ದಂಡೀ ಪ್ರಕಾಶಿಕೆ' ಬರೆದು 72 ಮೇಳಗಳನ್ನು ಹೇಳಿದ. ಎಂ.ಕಾಂ. ಓದಿದ ನನಗೆ ಇದು ಬಲು ಇಷ್ಟ. ರಿ-ಗ ಜೋಡಿಗಳು ಆರು, ದ-ನಿ ಜೋಡಿಗಳು ಆರು, ಗುಣಿಸಿದರೆ 36. ಮಧ್ಯಮ ಎರಡು, ಆದ್ದರಿಂದ 72.

ಈ ಎರಡೂ ಖಾತೆಗಳನ್ನು ಒಟ್ಟಿಗೆ ತೆರೆದು ನೋಡಿದವರು ನಮ್ಮ ಮುಂಬಯಿಯವರು. ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿದ ವಿಷ್ಣು ನಾರಾಯಣ ಭಾತಖಂಡೆ ವೃತ್ತಿಯಲ್ಲಿ ವಕೀಲರು. 1904ರಲ್ಲಿ ದಕ್ಷಿಣ ಪ್ರವಾಸ ಮಾಡಿ, ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ತೆಲುಗು ಲಿಪಿಯಲ್ಲಿ ಸ್ವರ ಹಾಕಿದ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಅಚ್ಚಾದದ್ದೂ ಅದೇ ವರ್ಷ. ಮುಂದೆ ಭಾತಖಂಡೆಯವರು ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿದರು. ಹತ್ತೂ 72ರೊಳಗೆ ಸಿಗುತ್ತವೆ. ಹೆಸರಿಗೆ ಮಾತ್ರ ಮೋಸಹೋಗಬಾರದು, ನಮ್ಮ ತೋಡಿ ಮೇಳ ಅವರ ಭೈರವಿ ಥಾಟು.

ಸ್ವರಲಿಪಿಯೂ ಅವರು ಕೊಟ್ಟದ್ದು ಸರಳ. ಸ್ವರದ ಅಡಿ ಗೆರೆ ಎಳೆದರೆ ಕೋಮಲ, ಮ ಮೇಲೆ ನೆಟ್ಟಗೆ ಗೆರೆ ಇದ್ದರೆ ತೀವ್ರ. ಕೆಳಗೆ ಚುಕ್ಕೆ ಮಂದ್ರ, ಮೇಲೆ ಚುಕ್ಕೆ ತಾರ. ಚುಕ್ಕೆಯ ವಿಷಯದಲ್ಲಿ ನಮ್ಮ ಪುಸ್ತಕಗಳೂ ಹಾಗೇ. ಆದರೆ ನಮ್ಮಲ್ಲಿ ಸ್ವರದ ಮೇಲಿನ ಅಡ್ಡಗೆರೆ ಕಾಲ ಹೆಚ್ಚಿಸುವುದಕ್ಕೆ. ರಿ ಯಾವ ರಿ ಎಂಬುದನ್ನು ಪುಟದ ತಲೆಯಲ್ಲಿರುವ ರಾಗದ ಹೆಸರು ಹೇಳುತ್ತದೆ.

ಹನ್ನೆರಡು ಸಾಲಿನ ಒಂದು ಪಟ್ಟಿ ಮಾಡಿದೆ. ಎಡಕ್ಕೆ ಅಜ್ಜಿಯ ಹೆಸರು, ಬಲಕ್ಕೆ ಮೊಮ್ಮಗಳ ಹೆಸರು. ನೋಟ್‌ಬುಕ್ಕಿನ ಮೊದಲ ಪುಟ ಮಾಯಾಮಾಳವಗೌಳದ ಸರಳೆ ವರಸೆ, ಪುರಂದರದಾಸರು ಹಾಕಿಕೊಟ್ಟದ್ದೆಂದು ಹಿರಿಯರು ಹೇಳುವ ಪಾಠ. ಪಟ್ಟಿಯ ಪ್ರಕಾರ ಅದು ಭೈರವ್ ಥಾಟು. ರಿ, ದ ಕೋಮಲ, ಮಿಕ್ಕದ್ದೆಲ್ಲ ಶುದ್ಧ. "ಅಯ್ಯೋ, ಇದು ನನಗೆ ಬರುತ್ತೆ!" ಅಂದಳು ಮಗು.

ಆದರೆ ಅವಳು ಅದನ್ನು ಓದುವುದು ಹೇಗೆ? ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು. ಅಜ್ಜಿ ನೋಟ್‌ಬುಕ್ ಹೊರಗೆ ತೆಗೆದಳು. ಸ, ರಿ, ಗ, ಮ, ಪ, ದ, ನಿ. ಏಳೇ ಅಕ್ಷರ. ಎರಡು ದಿನದಲ್ಲಿ ಕಲಿತು, ಬೆರಳಿಟ್ಟು ಓದಿಕೊಂಡು ಹಾಡತೊಡಗಿದಳು.

ಪಟ್ಟಿ ಎಲ್ಲವನ್ನೂ ಸರಿಮಾಡಲಿಲ್ಲ. ವರ್ಣದ ಪುಟಕ್ಕೆ ಬಂದಾಗ ಮಗು ಬರೆದಿದ್ದನ್ನು ಬರೆದ ಹಾಗೇ ಹಾಡಿತು. ಅಜ್ಜಿ ನಕ್ಕು, "ಗಾಂಧಾರ ಹಾಗೆ ನಿಲ್ಲಬಾರದು, ತೂಗಬೇಕು" ಅಂತ ಹಾಡಿ ತೋರಿಸಿದಳು. ಆ ತೂಗು, ಆ ಗಮಕ ನೋಟ್‌ಬುಕ್ಕಿನಲ್ಲಿ ಇಲ್ಲ. ಅದಕ್ಕೆ ಅಜ್ಜಿ ಎದುರು ಕೂರಲೇಬೇಕು. ಈಗ ಸಂಜೆ ಇಬ್ಬರೂ ಕೂರುತ್ತಾರೆ.

ಮೊನ್ನೆ ಮಗು ಸ್ವರದ ಕೆಳಗಿನ ಸಾಹಿತ್ಯದ ಸಾಲಿಗೆ ಬೆರಳಿಟ್ಟು, "ತಾತ, ಇದಕ್ಕೆ ಏಳು ಅಕ್ಷರ ಸಾಲಲ್ಲ, ಮಿಕ್ಕಿದ್ದು ಯಾವಾಗ ಹೇಳಿಕೊಡ್ತೀರಾ?" ಎಂದು ಕೇಳಿತು. ಊರಿನಿಂದ ಯಾರಾದರೂ ಈ ಕಡೆ ಬರುವವರಿದ್ದರೆ ದಯವಿಟ್ಟು ಒಂದು ಕಾಗುಣಿತದ ಪುಸ್ತಕ ತನ್ನಿ.