ಬಿಎಂಎಂ ಎಲ್ಲಿಂದ ಬಂತು? ಮುಂಬಯಿಯ ಮೀಡಿಯಾ ಡಿಗ್ರಿಯ ಕಥೆ

ಲೋಕಲ್ ಟ್ರೈನಲ್ಲಿ ವಿಡಿಯೋ ನೋಡೋದಕ್ಕಿಂತ ಓದೋದೇ ವಾಸಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿವರಗಳನ್ನೂ ಸೇರಿಸಿದ್ದೀನಿ.

ಪವಾಯಿ, ಐರೋಲಿ, ಠಾಣೆ ಕಡೆಯ ನಮ್ಮ ಸಾಫ್ಟ್‌ವೇರ್ ಮಂದಿ ಇತ್ತೀಚೆಗೆ ಪದೇ ಪದೇ ಒಂದು ಪ್ರಶ್ನೆ ಕೇಳ್ತಾರೆ. "ಮಗಳು ಹನ್ನೆರಡನೇ ಕ್ಲಾಸ್ ಮುಗಿಸಿದಾಳೆ. ಇಂಜಿನಿಯರಿಂಗ್ ಬೇಡ, ಬಿಎಎಂಎಂಸಿ ಮಾಡ್ತೀನಿ ಅಂತಾಳೆ. ಅದೂ ಒಂದು ಡಿಗ್ರಿನಾ?" ಕೇಳೋದರಲ್ಲಿ ತಪ್ಪಿಲ್ಲ. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯಕ್ಕೇ ಇದು ಡಿಗ್ರಿ ಅಂತ ಒಪ್ಪಿಕೊಳ್ಳೋಕೆ 2000ದ ಆಸುಪಾಸಿನವರೆಗೂ ಬೇಕಾಯ್ತು.

ಇದು ವಿಚಿತ್ರ ಅಲ್ವಾ? ಪತ್ರಿಕೆಗೆ ಮುಂಬಯಿಗಿಂತ ದೊಡ್ಡ ಊರು ಯಾವುದಿದೆ? ಇವತ್ತಿಗೂ ಬರ್ತಿರೋ ಗುಜರಾತಿಯ 'ಮುಂಬಯಿ ಸಮಾಚಾರ್' ಶುರುವಾದದ್ದು 1822ರ ಜುಲೈ 1ರಂದು. (ನಮ್ಮ 'ಮಂಗಳೂರು ಸಮಾಚಾರ' ಬಂದದ್ದೂ ಜುಲೈ 1ರಂದೇ, 1843ರಲ್ಲಿ. ಬರೀ ಕಾಕತಾಳೀಯ, ಆದ್ರೆ ನೆನಪಿಟ್ಟುಕೊಳ್ಳೋಕೆ ಸುಲಭ.) 1838ರಲ್ಲಿ 'ಟೈಮ್ಸ್' ಬಂತು. 1927ರ ಜುಲೈನಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ರೇಡಿಯೋ ಇಲ್ಲಿಂದಲೇ ಮಾತಾಡ್ತು. 1929ರಲ್ಲಿ ಜೆ. ವಾಲ್ಟರ್ ಥಾಂಪ್ಸನ್ ಅನ್ನೋ ಅಮೆರಿಕದ ಜಾಹೀರಾತು ಕಂಪನಿ ಇಲ್ಲಿ ಆಫೀಸು ತೆರೀತು. ಸಿನಿಮಾ ಬಗ್ಗೆ ಹೇಳೋದೇ ಬೇಡ. ಇಷ್ಟೆಲ್ಲ ಇದ್ದ ಊರಲ್ಲಿ ಇದನ್ನ ಕಲಿಸೋಕೆ ಪದವಿ ತರಗತಿ ಇರಲಿಲ್ಲ.

ಯಾಕಂದ್ರೆ ಯಾರಿಗೂ ಬೇಕಾಗಿರಲಿಲ್ಲ. ಪತ್ರಿಕೆಯವರು ಕೆಲಸವನ್ನ ಡೆಸ್ಕಿನಲ್ಲಿ ಕೂರಿಸಿಯೇ ಕಲಿಸ್ತಿದ್ರು. ಜಾಹೀರಾತಿನವರಿಗೆ ಬರೆಯೋಕೆ ಇಂಗ್ಲಿಷ್ ಸಾಹಿತ್ಯದ ಬಿಎ ಸಾಕಿತ್ತು, ಚಿತ್ರ ಬರೆಯೋಕೆ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಇತ್ತು. ಆ ಜೆ.ಜೆ. ಸ್ಕೂಲು ನಮ್ಮ ಮೈಸೂರಿನ ಒಬ್ಬ ಹುಡುಗನಿಗೆ ಸೀಟು ಕೊಡಲಿಲ್ಲ. ಅವನು ಮಹಾರಾಜ ಕಾಲೇಜಿನಲ್ಲಿ ಬಿಎ ಓದಿ, ಮುಂಬಯಿಗೆ ಬಂದು 'ಫ್ರೀ ಪ್ರೆಸ್ ಜರ್ನಲ್'ನಲ್ಲಿ, ಆಮೇಲೆ 'ಟೈಮ್ಸ್'ನಲ್ಲಿ ದಶಕಗಟ್ಟಲೆ ಕಾರ್ಟೂನು ಬರೆದ. ಆರ್.ಕೆ. ಲಕ್ಷ್ಮಣ್. ಡಿಗ್ರಿ ಬೇಕಿಲ್ಲ ಅನ್ನೋರು ಇವರ ಹೆಸರು ತೆಗೀತಾರೆ. ನನಗೆ ಆ ವಾದ ಅಷ್ಟೇನೂ ಒಪ್ಪಿಗೆಯಿಲ್ಲ. ಲಕ್ಷ್ಮಣ್ ಥರದವರಿಗೆ ಯಾವ ಕಾಲೇಜೂ ಬೇಕಾಗಲ್ಲ. ಕಾಲೇಜು ಇರೋದು ಉಳಿದ ನಮ್ಮಂಥವರಿಗೆ.

ಮಹಾರಾಜ ಕಾಲೇಜಿನ ಹೆಸರು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. 1935ರಲ್ಲಿ ಆ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರುಮಾಡಿದ್ರು. 'ಆಕಾಶವಾಣಿ' ಅನ್ನೋ ಹೆಸರು ಆ ನಿಲಯದ್ದೇ. 1951ರಲ್ಲಿ ಅದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಬಂತು. ಕಟ್ಟಿದವರು ಅಮೆರಿಕದ ಮಿಸ್ಸೂರಿಯಲ್ಲಿ ಓದಿ ಬಂದಿದ್ದ ನಾಡಿಗ ಕೃಷ್ಣಮೂರ್ತಿ. ಅದಕ್ಕೂ ಹತ್ತು ವರ್ಷ ಮುಂಚೆ, 1941ರಲ್ಲಿ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಪತ್ರಿಕೋದ್ಯಮ ತರಗತಿ ಶುರುಮಾಡಿದ್ರು ನಿಜ. ಆದ್ರೆ ಮೈಸೂರಿನದು ಬಿಎ ಒಳಗಿನ ಒಂದು ಐಚ್ಛಿಕ ವಿಷಯ. ನಾವು ಪಿಸಿಎಂ ಅಂದ ಹಾಗೆ ಅವರಿಗೆ ಇತಿಹಾಸ, ಅರ್ಥಶಾಸ್ತ್ರ, ಪತ್ರಿಕೋದ್ಯಮ. ಮಾಮೂಲಿ ಬಿಎ ಫೀಸು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೂ ತಗೋಬಹುದಿತ್ತು. ಆಮೇಲೆ ಈ ಪದ್ಧತಿ ಕರ್ನಾಟಕದ ಊರೂರ ಸರ್ಕಾರಿ ಕಾಲೇಜುಗಳಿಗೂ ಹಬ್ಬಿತು.

ಮುಂಬಯಿ ಹಿಡಿದ ದಾರಿಯೇ ಬೇರೆ. 1969ರಲ್ಲಿ ಸೇಂಟ್ ಝೇವಿಯರ್ಸ್ ಆವರಣದಲ್ಲಿ ಜೆಸ್ವಿಟ್ ಪಾದ್ರಿಗಳು ಝೇವಿಯರ್ ಇನ್‌ಸ್ಟಿಟ್ಯೂಟ್ ಆಫ್ ಕಮ್ಯುನಿಕೇಷನ್ಸ್ ತೆರೆದರು. ಬ್ರೀಚ್ ಕ್ಯಾಂಡಿಯ ಸೋಫಿಯಾದಲ್ಲಿ ಹುಡುಗಿಯರಿಗಾಗಿ ಒಂದು ವರ್ಷದ ಡಿಪ್ಲೊಮಾ ಬಂತು. ಹಳ್ಳಿಗಳ ಬರದ ಬಗ್ಗೆ ಬರೆದ ಪಿ. ಸಾಯಿನಾಥ್ ಅಲ್ಲಿ ಎಷ್ಟೋ ವರ್ಷ ಪಾಠ ಮಾಡಿದರು. ಒಳ್ಳೇ ಕೋರ್ಸುಗಳೇ. ಆದರೆ ಮೊದಲು ಒಂದು ಡಿಗ್ರಿ ಮುಗಿಸಿರಬೇಕು, ಇಂಗ್ಲಿಷ್ ಚೆನ್ನಾಗಿರಬೇಕು, ಮತ್ತೆ ದುಡ್ಡು ಕಟ್ಟೋಕಾಗಬೇಕು. ಸೀಟೂ ಕಡಿಮೆ.

ಎಲ್ಲ ಬದಲಾಗಿದ್ದು ಡಿಶ್ ಆಂಟೆನಾದಿಂದ. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಸರಿಯಾಗಿ ಇಪ್ಪತ್ತು ವರ್ಷಕ್ಕೆ, 1992ರ ಅಕ್ಟೋಬರ್ 2ರಂದು ಝೀ ಟಿವಿ. ಚಾನೆಲುಗಳಿಗೆ ದಿನದ 24 ಗಂಟೆ ತುಂಬಿಸಬೇಕಲ್ಲ, ಕೈಗಳು ಬೇಕಾದವು. ಡೆಸ್ಕಿನಲ್ಲಿ ಕೂರಿಸಿ ವರ್ಷಗಟ್ಟಲೆ ಕಲಿಸೋ ಪುರುಸೊತ್ತು ಯಾರಿಗಿತ್ತು? ಆಗ ವಿಶ್ವವಿದ್ಯಾಲಯ ಬಿಎಂಎಂ ತಂತು. ಮೂರು ವರ್ಷ, ಆರು ಸೆಮಿಸ್ಟರು, ಕೊನೇ ವರ್ಷ ಜರ್ನಲಿಸಂ ಇಲ್ಲವೇ ಅಡ್ವರ್ಟೈಸಿಂಗ್. 2019-20ರಿಂದ ಅದರ ಹೆಸರೇ ಬಿಎಎಂಎಂಸಿ.

ಸರ್ಕಾರ ಹೊಸ ಕೋರ್ಸಿಗೆ ಅನುದಾನ ಕೊಡಲಿಲ್ಲ. ಇದನ್ನ ಗಮನಿಸದೆ ಬಿಎಂಎಂ ಅರ್ಥ ಆಗಲ್ಲ. ಒಂದೇ ಕಟ್ಟಡ: ಈ ಕೋಣೆಯಲ್ಲಿ ಅನುದಾನಿತ ಬಿಎ, ಪಕ್ಕದ ಕೋಣೆಯಲ್ಲಿ ಬಿಎಂಎಂ, ಅಲ್ಲಿ ಫೀಸು ಎಷ್ಟೋ ಪಟ್ಟು ಜಾಸ್ತಿ. ಮೇಷ್ಟರ ಸಂಬಳ ವಿದ್ಯಾರ್ಥಿಗಳ ಫೀಸಿನಿಂದಲೇ ಬರಬೇಕು. ಹಾಗಾಗಿ ಕಾಯಂ ಅಧ್ಯಾಪಕರು ಕಡಿಮೆ, ಏಜೆನ್ಸಿಯಿಂದಲೋ ಪತ್ರಿಕೆಯಿಂದಲೋ ಬಿಡುವು ಮಾಡ್ಕೊಂಡು ಬಂದು ಪಾಠ ಹೇಳೋರು ಹೆಚ್ಚು. ಇದರಿಂದ ಒಳ್ಳೇದೂ ಆಯ್ತು. ನಿನ್ನೆ ನಿಜವಾಗಿ ಓಡಿದ ಜಾಹೀರಾತಿನ ಲೆಕ್ಕ ಇವತ್ತು ಕ್ಲಾಸಿನಲ್ಲಿ. ಕೆಟ್ಟದ್ದು ಅಂದ್ರೆ, ಆ ಮೇಷ್ಟ್ರು ಮುಂದಿನ ವರ್ಷ ಇರ್ತಾರೋ ಇಲ್ವೋ ಗೊತ್ತಿಲ್ಲ. ಇದನ್ನ ಕೇಳಿ ನಾವು ಮೂಗು ಮುರಿಯೋ ಹಾಗಿಲ್ಲ ಬಿಡಿ. ಪೇಮೆಂಟ್ ಸೀಟಿನ ಕಾಲೇಜುಗಳು ಇರದಿದ್ದರೆ ನಮ್ಮಲ್ಲಿ ಎಷ್ಟು ಜನ ಇಂಜಿನಿಯರಾಗಿ ಮುಂಬಯಿ ನೋಡ್ತಿದ್ವಿ?

ಹಳೇ ಬಿಎಂಎಂನ ಸಿಲಬಸ್ ಮಾತ್ರ ನನಗೆ ಇಷ್ಟ. ಹನ್ನೆರಡನೇ ಕ್ಲಾಸಲ್ಲಿ ಕಾಮರ್ಸ್ ಮಾಡಿದ ಹುಡುಗನಿಗೆ ಮೊದಲ ವರ್ಷವೇ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮನಃಶಾಸ್ತ್ರ, ರಾಜಕೀಯ ಪರಿಕಲ್ಪನೆಗಳು. 'ಲ್ಯಾಂಡ್‌ಮಾರ್ಕ್ ಈವೆಂಟ್ಸ್' ಅಂತ ಇನ್ನೊಂದು ಪೇಪರು, ಅದರಲ್ಲಿ ಇಪ್ಪತ್ತನೇ ಶತಮಾನದ ಜಗತ್ತಿನ, ಭಾರತದ, ಮಹಾರಾಷ್ಟ್ರದ ಇತಿಹಾಸ. ಕ್ಯಾಮೆರಾ ಹಿಡಿಯೋಕೆ ಮುಂಚೆ ಇದು. ನಮ್ಮ ಇಂಜಿನಿಯರಿಂಗಿನಲ್ಲಿ ಇಂಥದ್ದೊಂದು ಪೇಪರಿದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಇನ್ನು ಕನ್ನಡಿಗರ ಪಾಲಿನದು. ಮುಂಬಯಿ ಕನ್ನಡಿಗರ ಮೊದಲ ಕಾಲೇಜು ಅಂದ್ರೆ ರಾತ್ರಿ ಶಾಲೆ ಅಂತ ನಾನು ಹೇಳ್ತಿರ್ತೀನಿ. ಉಡುಪಿ, ಮಂಗಳೂರು ಕಡೆಯಿಂದ ಬಂದ ಹೋಟೆಲ್ ಹುಡುಗರು ಹಗಲು ಟೇಬಲ್ ಒರೆಸಿ, ರಾತ್ರಿ ಕೋಟೆ ಪ್ರದೇಶದ ಕನ್ನಡ ಶಾಲೆಗಳಲ್ಲಿ ಓದಿದರು. ಸಂಘದ ವಾರ್ಷಿಕೋತ್ಸವದ ವರದಿ ಬರೆಯುತ್ತಾ ಕೈ ಪಳಗಿಸಿಕೊಂಡವರು ಇವರಲ್ಲಿದ್ದರು. 'ಮೊಗವೀರ' ಮಾಸಿಕ, 'ಕರ್ನಾಟಕ ಮಲ್ಲ' ದಿನಪತ್ರಿಕೆ, 'ಉದಯವಾಣಿ'ಯ ಮುಂಬಯಿ ಆವೃತ್ತಿ ಇಂಥ ಸಮುದಾಯವನ್ನೇ ನೆಚ್ಚಿಕೊಂಡು ನಡೆದವು. ಅಲ್ಲಿ ಯಾರೂ ಮೀಡಿಯಾ ಡಿಗ್ರಿ ಕೇಳಲಿಲ್ಲ, ಕೇಳಿದ್ದರೂ ಈ ಊರಲ್ಲಿ ಇರಲಿಲ್ಲ.

ಈಗ ಇದೆ. 1927ರಲ್ಲಿ ಹುಟ್ಟಿದ ಬಂಟರ ಸಂಘ ಪವಾಯಿಯಲ್ಲಿ ನಡೆಸೋ ಎಸ್.ಎಂ. ಶೆಟ್ಟಿ ಕಾಲೇಜಿನಲ್ಲೂ ಈ ಕೋರ್ಸಿದೆ, ನಮ್ಮಲ್ಲಿ ಎಷ್ಟೋ ಜನರ ಆಫೀಸಿನಿಂದ ರಿಕ್ಷಾ ದೂರ. ಪಾಠ ಇಂಗ್ಲಿಷಿನಲ್ಲಿ. ಬಿಎಂಎಂಗೆ ಮರಾಠಿ ಮಾಧ್ಯಮ ಆಮೇಲೆ ಬಂತು. ಮರಾಠಿ ಪತ್ರಿಕೆ, ಚಾನೆಲುಗಳಿಗೆ ಜನ ಬೇಕಿತ್ತು, ಕೇಳಿ ಪಡೆದರು. ಕನ್ನಡಕ್ಕೆ ಹಾಗೆ ಕೇಳಿದವರಿಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ, ಎಂಎ ಇದೆ, ಸಂಶೋಧನೆ ಇದೆ. ಮಾಧ್ಯಮ ಕಲಿಸೋ ವಿಭಾಗವೂ ಇದೆ.

ಇಲ್ಲಿನ ಕನ್ನಡ ಪತ್ರಿಕೆಯೊಂದರ ಸಂಜೆಯ ಕೆಲಸ ಎಂಥದ್ದು ಯೋಚಿಸಿ. ಪೊಲೀಸರ ಪ್ರಕಟಣೆ ಮರಾಠಿಯಲ್ಲಿ, ಹೈಕೋರ್ಟ್ ಆದೇಶ ಇಂಗ್ಲಿಷಿನಲ್ಲಿ, ಮಂತ್ರಿಗಳ ಮಾತು ಹಿಂದಿಯಲ್ಲಿ. ಡೊಂಬಿವಲಿಯ ಯಕ್ಷಗಾನದ ಸುದ್ದಿ ಫೋನಿನಲ್ಲಿ ತುಳುವಿನಲ್ಲಿ ಬರಬಹುದು. ಪುಟ ಪ್ರೆಸ್ಸಿಗೆ ಹೋಗೋದರೊಳಗೆ ಎಲ್ಲವೂ ಕನ್ನಡ ಆಗಬೇಕು. ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಈ ಐದೂ ಭಾಷೆಗಳನ್ನ ಗಲ್ಲಾದ ಹಿಂದೆ ಕೂತು ಕಲಿತಿತ್ತು. ಆ ತಲೆಮಾರು ಈಗ ಒಬ್ಬೊಬ್ಬರಾಗಿ ನಿವೃತ್ತಿಯಾಗ್ತಿದೆ. ಆ ಕುರ್ಚಿಗೆ ಬರಬೇಕಾದ ಹುಡುಗಿ ಪವಾಯಿಯಲ್ಲಿ ಕಾಪಿರೈಟಿಂಗ್ ಕಲೀತಿದಾಳೆ. ಮನೆಯಲ್ಲಿ ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ.