ರೈಲು ಬಿಟ್ಟುಹೋದ ದಾರಿಯಲ್ಲಿ ಸೈಕಲ್ಲು

ಸೈಕಲ್ಲಿಗೂ ಗುಡ್ಡಕ್ಕೂ ಆಗಿಬರುವುದಿಲ್ಲವೆಂಬ ನಂಬಿಕೆಯಲ್ಲೇ ಬೆಳೆದವನು ನಾನು. ಕುಮಟೆಯ ಸಮೀಪದ ನಮ್ಮೂರಿನಲ್ಲಿ ಕಡಲಿಗೂ ಗುಡ್ಡಕ್ಕೂ ನಡುವೆ ಇದ್ದುದು ನಾಲ್ಕು ಗದ್ದೆ, ಒಂದು ತೆಂಗಿನ ತೋಟ, ಅಷ್ಟೇ. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನನ್ನ ತಂದೆ ಗುಡ್ಡದಾಚೆಯ ಶಾಲೆಗೆ ಸೈಕಲ್ಲಿನ ಮೇಲೆ ಹೋಗುತ್ತಾರೆಂದು ಊರವರು ಹೇಳುತ್ತಿದ್ದರು. ನಿಜವಾಗಿ ನೋಡಿದರೆ ಅರ್ಧ ದಾರಿ ಸೈಕಲ್ಲು ಅವರನ್ನು ಹೊರುತ್ತಿತ್ತು, ಉಳಿದರ್ಧ ಅವರು ಸೈಕಲ್ಲನ್ನು ತಳ್ಳುತ್ತಿದ್ದರು. ಚಿರೆಕಲ್ಲಿನ ಏರಿನಲ್ಲಿ, ಹಿಂದಿನ ಕ್ಯಾರಿಯರಿಗೆ ಪುಸ್ತಕದ ಕಟ್ಟು ಬಿಗಿದು, ಬಾಗಿ ತಳ್ಳಿಕೊಂಡು ಹೋಗುವ ಅವರನ್ನು ಕಂಡರೆ ಹೈಸ್ಕೂಲಿನ ಹುಡುಗನಾಗಿದ್ದ ನನಗೆ ಏಕೋ ನಾಚಿಕೆ. ಮೋಟಾರು ಸೈಕಲ್ಲು ಕೊಳ್ಳಲಾರದವರ ಪಾಡು ಇದು ಎಂದು ನನ್ನ ಎಣಿಕೆಯಾಗಿತ್ತು.

ಆ ನಾಚಿಕೆಯನ್ನು ಕುರಿತು ಮತ್ತೆ ಯೋಚಿಸುವಂತಾದದ್ದು ಬಹು ದೂರದ ಇನ್ನೊಂದು ಕರಾವಳಿಯಲ್ಲಿ. 2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆಯ ಆಚೆ ದಡದಲ್ಲಿ, ಮರಿನ್ ಎಂಬ ಸೀಮೆಯಿದೆ. 1937ರಲ್ಲಿ ಸೇತುವೆ ತೆರೆಯುವವರೆಗೆ ನಗರದವರು ನೇರವಾಗಿ ಅಲ್ಲಿಗೆ ಹೋಗಬೇಕಾದರೆ ಹಡಗನ್ನೇ ಹತ್ತಬೇಕಿತ್ತು. ಪೆಸಿಫಿಕ್ ಸಾಗರದ ಅಂಚಿನಿಂದಲೇ ಗುಡ್ಡಗಳು ಏಳುತ್ತವೆ. ಅವುಗಳ ನಡುವೆ 784 ಮೀಟರ್ ಎತ್ತರದ ಟ್ಯಾಮಲ್ಪಾಯಸ್ ಬೆಟ್ಟ. ಹೆಸರು ಅಲ್ಲಿಯ ಮೂಲನಿವಾಸಿಗಳಾದ ಕೋಸ್ಟ್ ಮಿವಾಕ್ ಜನರ ನುಡಿಯಿಂದ ಬಂದದ್ದು. ಬೇಸಿಗೆಯಲ್ಲಿಯೂ ಕಡಲಿನಿಂದ ಮಂಜು ಕಣಿವೆಗಳೊಳಗೆ ನುಗ್ಗಿಬರುತ್ತದೆ. ನಮ್ಮ ಆಗುಂಬೆಯ ಆಷಾಢವನ್ನು ನೆನೆಯಬೇಕು, ಮಳೆಯೊಂದನ್ನು ಬಿಟ್ಟು.

ಈ ಸೀಮೆಯನ್ನು ನಾನು ಮೂರು ಬಗೆಯ ಬಾಡಿಗೆ ಸೈಕಲ್ಲುಗಳಲ್ಲಿ ಕಂಡೆ. ಮೊದಲನೆಯದು ಕಿರುಟಯರಿನ, ಕೈಯಲ್ಲೆತ್ತಿದರೆ ಹಗುರವಾದ ರಸ್ತೆ ಸೈಕಲ್ಲು. ಅದರಲ್ಲಿ ಸೇತುವೆ ದಾಟಿ ಸಾಸಲಿಟೊ ಎಂಬ ಊರಿಗೆ ಇಳಿದೆ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆನ್ನು ಬಾಗಿ, ಕಣ್ಣು ಡಾಂಬರಿನ ಅಂಚಿನಲ್ಲಿ ನೆಟ್ಟು, ಹಿಂದೆ ಬರುವ ಕಾರುಗಳಿಗೆ ಕಿವಿಗೊಟ್ಟು ಹೋದವನಿಗೆ ಗುಡ್ಡ ಕಂಡೀತೆ?

ಎರಡನೆಯದು ದಪ್ಪ ಟಯರಿನ ಬೆಟ್ಟದ ಸೈಕಲ್ಲು. ಮಿಲ್ ವ್ಯಾಲಿ ಎಂಬ ಊರಿನಿಂದ ಬೆಟ್ಟದ ನೆತ್ತಿಯವರೆಗೆ ಒಂದು ಮಣ್ಣುದಾರಿ ಸುತ್ತಿ ಸುತ್ತಿ ಏರುತ್ತದೆ. ಏರು ಎಷ್ಟು ಮೃದುವೆಂದರೆ ಅರುವತ್ತು ದಾಟಿದ ಕಾಲುಗಳೂ ದೂರುವುದಿಲ್ಲ. ಇದೇನು ಔದಾರ್ಯವೆಂದು ಕೇಳಿದರೆ ಉತ್ತರ ಚರಿತ್ರೆಯಲ್ಲಿದೆ: ಇದು ರೈಲಿನ ದಾರಿ. 1896ರಲ್ಲಿ ಇಲ್ಲಿ ಬೆಟ್ಟದ ರೈಲು ಆರಂಭವಾಯಿತು. ಎಂಟೂಕಾಲು ಮೈಲಿಯ ಹಾದಿಯಲ್ಲಿ 281 ತಿರುವುಗಳು. ಲೋಕದ ಅತಿ ಡೊಂಕಿನ ರೈಲೆಂದು ಅದರವರೇ ಜಾಹೀರಾತು ಹಾಕಿಕೊಂಡಿದ್ದರು. ಒಂದೆಡೆಯಂತೂ ಹಳಿ ತನ್ನ ಪಕ್ಕದಲ್ಲೇ ತಾನು ಐದು ಸಾಲಾಗಿ ಹಾಯುತ್ತಿತ್ತು. ಹತ್ತುವಾಗ ಉಗಿಯಂತ್ರ ಬೇಕು. ಇಳಿಯುವುದಕ್ಕೆ ಎಂಜಿನ್ನಿಲ್ಲದ ತೆರೆದ ಬಂಡಿಗಳಿದ್ದವು. ಬ್ರೇಕು ಹಿಡಿಯುವವನೊಬ್ಬನನ್ನು ನಂಬಿ, ಭೂಮಿಯ ಸೆಳೆತಕ್ಕೆ ಒಪ್ಪಿಸಿಕೊಂಡು, ಟೋಪಿ ಹಿಡಿದುಕೊಂಡ ಪ್ರವಾಸಿಗಳು ಕೆಂಪುಮರಗಳ ಕಾಡಿನವರೆಗೆ ಜಾರಿಕೊಂಡು ಹೋಗುತ್ತಿದ್ದರು. 1904ರಲ್ಲಿ ರೈಲಿನವರು ಕಟ್ಟಿಸಿದ ತಂಗುಮನೆಯೊಂದು ಅರ್ಧ ದಾರಿಯಲ್ಲಿ ಇನ್ನೂ ಉಳಿದಿದೆ. ಅಲ್ಲಿಳಿದವರು ಕುದುರೆಗಾಡಿ ಹಿಡಿದು ಕಡಲಂಚಿನ ಊರುಗಳಿಗೆ ಹೋಗುತ್ತಿದ್ದರಂತೆ. ನಾನು ಅದರ ಜಗಲಿಯ ಮೇಲೆ ಕುಳಿತು ಬುತ್ತಿಯ ಚಪಾತಿ ತಿಂದೆ. ಮೋಟಾರು ಕಾರು ಬಂದಿತು. 1929ರಲ್ಲಿ ಕಾಡ್ಗಿಚ್ಚು ಬಂದಿತು. 1930ರಲ್ಲಿ ರೈಲು ನಿಂತಿತು. ಹಳಿ ಕಿತ್ತರು. ದಾರಿ ಉಳಿಯಿತು.

ಕಾಡ್ಗಿಚ್ಚಿನ ಭಯದಿಂದ ಆ ಗುಡ್ಡಗಳಲ್ಲಿ ಬೇರೆ ದಾರಿಗಳನ್ನೂ ಕಡಿದರು. ಬೆಂಕಿ ಆರಿಸುವವರ ಲಾರಿ ಹೋಗುವಷ್ಟು ಅಗಲ, ಏರಿಳಿತದ ಲಕ್ಷ್ಯವಿಲ್ಲದ ಮಣ್ಣುದಾರಿಗಳು. ಬೆಟ್ಟದ ಸೈಕಲ್ಲು ಹುಟ್ಟಿದ್ದು ಇವುಗಳ ಮೇಲೆ. 1970ರ ದಶಕದಲ್ಲಿ ಅಲ್ಲಿಯ ತರುಣರು 1930, 40ರ ಕಾಲದ ಶ್ವಿನ್ ಕಂಪನಿಯ ಎಕ್ಸೆಲ್ಸಿಯರ್ ಮೊದಲಾದ ಹಳೆಯ ಭಾರದ ಸೈಕಲ್ಲುಗಳನ್ನು ಗುಜರಿಯಿಂದ ಹುಡುಕಿ ತಂದರು. ಹಿಂದೊಮ್ಮೆ ಹುಡುಗರು ಮನೆಮನೆಗೆ ಪತ್ರಿಕೆ ಹಂಚಲು ತುಳಿಯುತ್ತಿದ್ದ ಬಂಡಿಗಳವು. ಬೇಡದ ತಗಡುಗಳನ್ನೆಲ್ಲ ಕಳಚಿ ಬೆಟ್ಟದಿಂದಿಳಿಸಿದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಇಳಿಜಾರಿನಲ್ಲಿ ಚಾರ್ಲಿ ಕೆಲಿ ಎಂಬವರು ಗಡಿಯಾರ ಹಿಡಿದು ಪಂದ್ಯ ನಡೆಸಿದರು. ಎರಡು ಮೈಲಿಯಷ್ಟು ದೂರದಲ್ಲಿ ಸುಮಾರು 1,300 ಅಡಿಗಳ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಹಿಂಚಕ್ರದ ಗುಂಬದಲ್ಲಿದ್ದ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕು. ಅದಕ್ಕೇ ಆ ಇಳಿಜಾರಿಗೆ ರೀಪ್ಯಾಕ್ ಎಂಬ ಹೆಸರು. ಸಂಸ್ಕೃತ ವ್ಯಾಕರಣದ ಯಾವ ಪಂಡಿತನೂ ಇಷ್ಟು ಅನ್ವರ್ಥವಾದ ನಾಮಕರಣ ಮಾಡಲಾರ. ಆ ಗುಂಪಿನಲ್ಲಿ ವೆಂಡಿ ಕ್ರ್ಯಾಗ್ ಎಂಬಾಕೆ ಸೈಕಲ್ಲನ್ನೂ ತುಳಿದಳು, ಕ್ಯಾಮೆರಾವನ್ನೂ ಹೊತ್ತಳು. ಆ ದಿನಗಳು ನಮ್ಮ ಕಣ್ಣಿಗೆ ದೊರೆತದ್ದು ಆಕೆಯಿಂದ.

ಆದರೆ ಇಳಿಯುವುದು ಒಂದು ಆಟ ಮಾತ್ರ. ಒಂದೇ ಹಲ್ಲುಚಕ್ರದ ಆ ಭಾರದ ಸೈಕಲ್ಲನ್ನು ಮೇಲಕ್ಕೊಯ್ಯುವ ಬಗೆ ಹೇಗೆ? ಲಾರಿ ಸಿಕ್ಕರೆ ಲಾರಿಯಲ್ಲಿ, ಇಲ್ಲವಾದರೆ ತಳ್ಳಿಕೊಂಡು! ಇದನ್ನು ತಿಳಿದಾಗ ತಂಗುಮನೆಯ ಜಗಲಿಯಲ್ಲಿ ನನಗೆ ನಗು ಬಂದಿತು. ಒಡನೆಯೇ ತಂದೆಯ ನೆನಪೂ ಬಂದಿತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರನ್ನು ಇಂಥ ಸೈಕಲ್ಲಿಗೆ ಜೋಡಿಸಿದವರಲ್ಲಿ ಗ್ಯಾರಿ ಫಿಶರ್ ಹೆಸರು ಪ್ರಸಿದ್ಧ. ಕ್ಯುಪರ್ಟಿನೊ ಕಡೆಯ ಕೆಲವರು 1974ರಲ್ಲಿಯೇ ಗೇರು ಹಾಕಿದ ಸೈಕಲ್ಲುಗಳನ್ನು ಮರಿನ್‌ನ ಪಂದ್ಯಕ್ಕೆ ತಂದಿದ್ದರು. ಯಾರು ಮೊದಲೆಂಬ ಜಗಳ ನಮಗೆ ಬೇಡ. ನನ್ನ ಮಟ್ಟಿಗೆ ಬೆಟ್ಟದ ಸೈಕಲ್ಲು ಹುಟ್ಟಿದ್ದು ಕೆಳಗಿಳಿದ ದಿನವಲ್ಲ, ಮೇಲೇರಿದ ದಿನ. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದು ಕಟ್ಟಿದರು. 1979ರಲ್ಲಿ ಫಿಶರ್ ಮತ್ತು ಕೆಲಿ ಸೇರಿ ಅಂಗಡಿ ಇಟ್ಟರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿತು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಆ ಗುಜರಿ ಸೈಕಲ್ಲಿನ ಸಂತತಿ ಪದಕಕ್ಕಾಗಿ ಓಡಿತು.

ಬೆಟ್ಟಕ್ಕೆ ಹಳೆಯ ಒಕ್ಕಲೂ ಇತ್ತು: ನಡೆಯುವವರು. ಸಾಹಿತ್ಯಾಸಕ್ತರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕವಿ ಗ್ಯಾರಿ ಸ್ನೈಡರ್ ಭಾರತದಲ್ಲಿ ಸಂಚರಿಸಿ ಬಂದ ಮೇಲೆ, 1965ರ ಅಕ್ಟೋಬರ್ 22ರಂದು, ಅಲೆನ್ ಗಿನ್ಸ್‌ಬರ್ಗ್ ಮತ್ತು ಫಿಲಿಪ್ ವೇಲನ್ ಅವರೊಡನೆ ಈ ಬೆಟ್ಟಕ್ಕೆ ಪ್ರದಕ್ಷಿಣೆ ಬಂದರು; ಅಲ್ಲಲ್ಲಿ ನಿಂತು ಮಂತ್ರ ಹೇಳಿದರು. ಆ ಪ್ರದಕ್ಷಿಣೆಯ ಪದ್ಧತಿ ಇಂದಿಗೂ ನಡೆದಿದೆ. ಹನ್ನೊಂದು ವರ್ಷಗಳ ಅನಂತರ ಅದೇ ಅಕ್ಟೋಬರಿನಲ್ಲಿ ರೀಪ್ಯಾಕ್ ಪಂದ್ಯ! ಒಬ್ಬನಿಗೆ ಬೆಟ್ಟ ಬಲಕ್ಕಿಟ್ಟು ಸುತ್ತುವ ದೇವರು, ಇನ್ನೊಬ್ಬನಿಗೆ ನಾಲ್ಕೈದು ನಿಮಿಷದ ಓಟ. ತಕರಾರು ಏಳದಿದ್ದರೆ ಆಶ್ಚರ್ಯವಾಗಬೇಕಿತ್ತು. 1980ರ ದಶಕದಲ್ಲಿ ಬಹುಪಾಲು ಕಿರುದಾರಿಗಳು ಸೈಕಲ್ಲಿಗೆ ಮುಚ್ಚಿದವು. ಅಗಲದ ದಾರಿಗಳಲ್ಲಿ ಗಂಟೆಗೆ 15 ಮೈಲಿ, ಕುರುಡು ತಿರುವಿನಲ್ಲಿ 5 ಮೈಲಿ ಎಂಬ ಮಿತಿ ಬಂದಿತು. ಕಾಡಿನ ಕಾವಲುಗಾರರು ರಾಡಾರು ಹಿಡಿದು ನಿಂತರು. ನಾನು ಬಹುಕಾಲದ ಪಾದಚಾರಿ. ತೀರ್ಪು ಕೇಳಿದರೆ ನಡೆಯುವವರ ಕಡೆಗೇ ವಾಲುತ್ತೇನೆ. ಆದರೂ, ಏರಿನಲ್ಲಿ ನನ್ನನ್ನು ದಾಟಿದ ಹುಡುಗಿಯೊಬ್ಬಳು ಬಹು ಹಿಂದಿನಿಂದಲೇ ಗಂಟೆ ಬಾರಿಸಿ, ನಿಧಾನಿಸಿ ಹೋದದ್ದನ್ನು ಮರೆಯಲಾರೆ.

ಮೂರನೆಯದು ಬ್ಯಾಟರಿ ಸೈಕಲ್ಲು. ಅದರಲ್ಲಿ ಸೇತುವೆಯ ಪಕ್ಕದ ಕಡಿದಾದ ಡಾಂಬರು ರಸ್ತೆ ಏರಿ ಹಾಕ್ ಹಿಲ್ ಎಂಬ ತುದಿ ಸೇರಿದೆ. ಉಸಿರೂ ಹೆಚ್ಚಲಿಲ್ಲ, ಹೀಗೆ ಬಂದದ್ದು ಬಂದದ್ದಾದೀತೇ ಎಂಬ ಸಣ್ಣ ಅಳುಕು ಮಾತ್ರ ಉಳಿಯಿತು. ಅದು ಸೈನ್ಯದ ನೆಲೆ. ಎರಡನೆಯ ಮಹಾಯುದ್ಧದ ನಡುವೆ ಭಾರಿ ಫಿರಂಗಿಗಳಿಗೆಂದು ಸುರಂಗ ಕೊರೆದರು. ಫಿರಂಗಿಗಳನ್ನು ಕೂರಿಸಲೇ ಇಲ್ಲ. ಈಗ ಪ್ರತಿ ಶರತ್ಕಾಲ ಅಲ್ಲಿ ವಲಸೆಯ ಗಿಡುಗಗಳನ್ನು ಎಣಿಸುತ್ತಾರೆ. ಆ ಗುಡ್ಡಗಳ ಬೆನ್ನಿಗಿರುವ ಬೋಳು ಕಣಿವೆಗಳಲ್ಲಿ, 1964ರಲ್ಲಿ ಪ್ರಕಟವಾದ ಯೋಜನೆಯಂತೆ, ಮರಿನ್‌ಚೆಲ್ಲೊ ಎಂಬ 30,000 ಜನರ ನಗರ ಏಳಬೇಕಾಗಿತ್ತು. ಊರವರು ನ್ಯಾಯಾಲಯಕ್ಕೆ ಹೋದರು, ಹಣ ಕೊಟ್ಟವರೊಳಗೂ ಒಡಕಾಯಿತು. 1972ರಲ್ಲಿ ನಿಸರ್ಗ ಸಂರಕ್ಷಣೆಯ ಸಂಸ್ಥೆಯೊಂದು ನೆಲವನ್ನು ಕೊಂಡಿತು. ಮುಂದೆ ಅದು ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಬಾರದ ನಗರಕ್ಕಾಗಿ ಕಡಿದ ರಸ್ತೆ ಈಗ ಸೈಕಲ್ಲಿನದು.

ನಮ್ಮ ಕಡೆ ಹೀಗಾಗಲಿಲ್ಲ. ತಂದೆ ಸೈಕಲ್ಲು ತಳ್ಳಿದ ಏರು ಹೆದ್ದಾರಿಯ ಅಗಲಕ್ಕೆ ಸೇರಿಹೋಯಿತು. ಉಳಿದ ಅರ್ಧಗುಡ್ಡ ಕೆಂಪು ಗೋಡೆಯಂತೆ ನಿಂತಿದೆ. 2024ರ ಜುಲೈ 16ರಂದು ಅದೇ ಹೆದ್ದಾರಿಯಲ್ಲಿ, ಅಂಕೋಲೆಯ ಸಮೀಪದ ಶಿರೂರಿನಲ್ಲಿ, ಗುಡ್ಡ ಕುಸಿದು ಜನ ಸತ್ತರು. ಲಾರಿ ಗಂಗಾವಳಿಯ ಪಾಲಾಯಿತು. ಆ ವಾರವೆಲ್ಲ ನಾನು ನಮ್ಮ ಕೆಂಪು ಗೋಡೆಯನ್ನು ನೆನೆದು ನಿದ್ದೆಗೆಟ್ಟೆ.

ಮರಿನ್ ಬಿಡುವ ಮುನ್ನ ಫೇರ್‌ಫ್ಯಾಕ್ಸ್‌ನಲ್ಲಿರುವ ಸೈಕಲ್ಲುಗಳ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ, 2015ರಲ್ಲಿ ತೆರೆದದ್ದು. ಹತ್ತೊಂಬತ್ತನೆಯ ಶತಮಾನದ ಎತ್ತರಚಕ್ರದವುಗಳಿಂದ ಹಿಡಿದು ಬೆಟ್ಟದ ಸೈಕಲ್ಲಿನ ಮೂಲಪುರುಷರವರೆಗೆ ಸಾಲಾಗಿವೆ. ಅಲ್ಲಿದ್ದ ಹಿರಿಯರೊಬ್ಬರು, ನಿಮ್ಮ ಗುಡ್ಡಗಳಲ್ಲಿ ಎಂಥ ಸೈಕಲ್ಲು ಎಂದು ಕೇಳಿದರು. ಸರಳಿನ ಬ್ರೇಕಿನದು, ಗೇರಿಲ್ಲ, ಹಿಂದೆ ದೊಡ್ಡ ಕ್ಯಾರಿಯರು ಎಂದೆ. ಹಾಗಾದರೆ ಏರನ್ನು ಹೇಗೆ ಹತ್ತುತ್ತಿದ್ದಿರಿ ಎಂದರು. ನಮ್ಮ ತಂದೆಯವರು ತಳ್ಳಿಕೊಂಡು ಹೋಗುತ್ತಿದ್ದರು ಎಂದೆ. ಅವರು ತಲೆಯಾಡಿಸಿ, ನಾವೂ ಹಾಗೆಯೇ ಎಂದರು.