ಸೆಡ್ಡು ಬೀಳುವುದು ಯಾರ ಮೈಮೇಲೆ?

ಪತ್ರಿಕೆಗಳ ತಲೆಬರಹದಲ್ಲಿ ಬಿಡುವಿಲ್ಲದೆ ದುಡಿಯುವ ಪದಗಳಲ್ಲಿ ‘ಸೆಡ್ಡು’ ಒಂದು. ಹೈಕಮಾಂಡ್‌ಗೆ ಸೆಡ್ಡು ಹೊಡೆದ ಶಾಸಕ, ಪಕ್ಷಕ್ಕೆ ಸೆಡ್ಡು ಹೊಡೆದ ಬಂಡಾಯ ಅಭ್ಯರ್ಥಿ, ಚೀನಾಕ್ಕೆ ಸೆಡ್ಡು ಹೊಡೆದ ಭಾರತ, ಬರಕ್ಕೆ ಸೆಡ್ಡು ಹೊಡೆದ ರೈತ. ಎರಡೇ ಅಕ್ಷರ, ಒಂದು ಒತ್ತು. ಎಷ್ಟು ಇಕ್ಕಟ್ಟಿನ ಕಾಲಂನಲ್ಲೂ ಕೂರುತ್ತದೆ, ಓದುವವರ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಈ ಪದವನ್ನು ಓದಿ ತಿಳಿದುಕೊಂಡವರಿಗೆ ಅದರ ಅರ್ಧ ಮಾತ್ರ ಸಿಕ್ಕಿರುತ್ತದೆ. ಇದು ಕಿವಿಯಿಂದ ಕೇಳಬೇಕಾದ ಪದ. ಕೇಳಬೇಕೆಂದರೆ ಸುಗ್ಗಿ ಮುಗಿದ ಮೇಲೆ ಹಾವೇರಿ ಕಡೆಗೆ ಬರಬೇಕು.

ಹಾವೇರಿಯಿಂದ ಮೋಟೆಬೆನ್ನೂರಿನ ಮೇಲೆ ಹಾದು ರಾಣೆಬೆನ್ನೂರಿಗೆ ಹೋಗುವುದು ಪುಣೆ–ಬೆಂಗಳೂರು ಹೆದ್ದಾರಿ. ಮೋಟೆಬೆನ್ನೂರಿನಲ್ಲಿ ಒಳಕ್ಕೆ ತಿರುಗಿದರೆ ಬ್ಯಾಡಗಿ. ಜಾತ್ರೆಯ ದಿನಗಳಲ್ಲಿ ಈ ಊರುಗಳ ಸುತ್ತಿನ ಹಳ್ಳಿಗಳಲ್ಲಿ ಚಹಾದಂಗಡಿ, ಬಸ್ ನಿಲ್ದಾಣ, ಹಾಲಿನ ಡೇರಿಯ ಗೋಡೆಗಳ ಮೇಲೆ ಒಂದೇ ಬಗೆಯ ಪೋಸ್ಟರು ಕಾಣುತ್ತದೆ: ‘ಭಾರಿ ಬಯಲು ಜಂಗೀ ನಿಕಾಲಿ ಕುಸ್ತಿಗಳು’. ಜಂಗ್ ಅಂದರೆ ಪಾರಸಿಯಲ್ಲಿ ಯುದ್ಧ. ನಿಕಾಲ ಅಂದರೆ ಮರಾಠಿಯಲ್ಲಿ ತೀರ್ಪು, ಫಲಿತಾಂಶ. ಮರಾಠಿ ಶಾಲೆಯ ಮಕ್ಕಳು ಇವತ್ತಿಗೂ ಪರೀಕ್ಷೆಯ ‘ನಿಕಾಲ’ಕ್ಕೆ ಕಾಯುತ್ತಾರೆ. ಸೋಲು ಗೆಲುವು ತೀರ್ಮಾನ ಆಗುವ ತನಕ ಬಿಡದ ಕುಸ್ತಿ ಎಂದು ಒಟ್ಟು ಅರ್ಥ. ಈ ಪೋಸ್ಟರಿನಲ್ಲಿ ಹಿಂದಿನ ಮುಂಬಯಿ ಪ್ರಾಂತ್ಯದ ನೆನಪು ಇನ್ನೂ ಉಳಿದಿದೆ. 1956ರಲ್ಲಿ ನಾಡು ಒಂದಾಯಿತು, 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು, ಕುಸ್ತಿಯ ಮಾತು ಮಾತ್ರ ಹಾಗೆಯೇ ಇದೆ. ಸೆಡ್ಡು ಕೂಡ ಗಡಿಯ ಎರಡೂ ಬದಿಗೆ ಸಲ್ಲುವ ಮಾತು. ಮರಾಠಿಯಲ್ಲಿ ಅದು ಶಡ್ಡೂ. ಪೈಲ್ವಾನರೂ ಹಾಗೆಯೇ. ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ ಕೊಲ್ಲಾಪುರದಲ್ಲಿ ತಾಲೀಮು ಮಾಡಿ 1959ರಲ್ಲಿ ಹಿಂದ್ ಕೇಸರಿ ಆದರು.

ಊರ ಮಗ್ಗುಲಿನ ಹೊಲದಲ್ಲಿ ನೇಗಿಲು ಹೊಡೆದು, ಹೆಂಟೆ ಒಡೆದು, ಕಲ್ಲು ಆರಿಸಿ, ನೀರು ಚಿಮುಕಿಸಿ ಕಣ ಹದ ಮಾಡಿರುತ್ತಾರೆ. ಎರೆ ಹೊಲದ ಊರಾದರೆ ಕೆಮ್ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತರಿಸಬೇಕು. ಎರೆ ಒಣಗಿದರೆ ಬಿರಿದು ಗಟ್ಟಿಯಾಗುತ್ತದೆ, ಹಸಿಯಾದರೆ ಮೈಗೆ ಮೆತ್ತಿಕೊಳ್ಳುತ್ತದೆ. ಬಿದ್ದವನ ಬೆನ್ನಿಗೂ ಒಗ್ಗುವುದಿಲ್ಲ, ಹಿಡಿದವನ ಕೈಗೂ ಒಗ್ಗುವುದಿಲ್ಲ. ಸುತ್ತ ನೆಲದ ಮೇಲೆ ಜನ, ಅವರ ಹಿಂದೆ ನಿಂತವರು, ಅವರ ಹಿಂದೆ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿದವರು. ಹಲಗೆ ಬಾರಿಸುವವರು ಒಂದು ಮೂಲೆಯಲ್ಲಿ, ಕಮಿಟಿಯವರ ಮೈಕು ಇನ್ನೊಂದು ಮೂಲೆಯಲ್ಲಿ. ತೆಂಗಿನಕಾಯಿಗೆ ಆಡುವ ಸಣ್ಣ ಹುಡುಗರಿಂದ ಶುರುವಾಗಿ, ಹೊತ್ತು ಇಳಿಯುವಾಗ ಬೆಳ್ಳಿಯ ಕಡಗದ ಇಲ್ಲವೇ ಗದೆಯ ದೊಡ್ಡ ಜೋಡಿಗೆ ಬಂದು ಮುಟ್ಟುತ್ತದೆ.

ಸೆಡ್ಡು ಕೇಳಿಸುವುದು ಇಲ್ಲಿ. ಪೈಲ್ವಾನ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ. ನೆಟ್ಟಗೆ ನಿಂತು ಎಡಗೈಯನ್ನು ಎದೆಗೆ ಅಡ್ಡ ಮಡಚಿ ಬಲಗೈಯಿಂದ ತೋಳಿನ ಮೇಲೆ ಬಡಿಯುತ್ತಾನೆ. ಆಮೇಲೆ ಮಂಡಿ ಎತ್ತಿ ತೊಡೆಯ ಮೇಲೆ. ಅಂಗೈ ಚಪ್ಪಟೆ ಮಾಡಿ ಬಡಿದರೆ ‘ಚಟ್’ ಅನ್ನುತ್ತದೆ. ಅದು ಬರೀ ಏಟು, ಮೈ ಉರಿಯುತ್ತದೆ ಅಷ್ಟೇ. ಬೆರಳು ಕೂಡಿಸಿ, ಅಂಗೈ ಗುಳಿ ಮಾಡಿ, ಒಳಗೆ ಗಾಳಿ ಹಿಡಿದು ಬಡಿದರೆ ‘ಧಪ್’ ಎಂದು ತುಂಬಿದ ಸದ್ದು ಬರುತ್ತದೆ. ಹಲಗೆಯ ಸದ್ದಿನ ನಡುವೆಯೂ ಅದು ಟ್ರೇಲರ್ ಮೇಲೆ ನಿಂತವರನ್ನು ಮುಟ್ಟುತ್ತದೆ. ಮೈ ಸಡಿಲಿದ್ದರೆ ಈ ಸದ್ದು ಬರುವುದಿಲ್ಲ. ದಂಡ, ಬಸ್ಕಿ ಹೊಡೆದು ಗಟ್ಟಿಯಾದ ತೊಡೆಗೇ ಬರಬೇಕು. ಹಾಗಾಗಿ ಕಣದಂಚಿಗೆ ಕೂತ ಹಳೆಯ ಪೈಲ್ವಾನರು ಸೆಡ್ಡಿನ ಸದ್ದಿನಲ್ಲೇ ಹುಡುಗನ ತಾಲೀಮನ್ನು ಅಳೆಯುತ್ತಾರೆ. “ಮೈಯಾಗ ಇನ್ನೂ ನೀರು ಐತಿ, ಈ ವರ್ಷ ಸಾಮು ಕಡಿಮಿ ಆಗೇತಿ” ಎಂಬ ತೀರ್ಪು ಕುಸ್ತಿ ಶುರುವಾಗುವ ಮೊದಲೇ ಬಿದ್ದಿರುತ್ತದೆ.

ಈ ದೃಶ್ಯದಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟ ಸಂಗತಿ ಒಂದೇ. ಸೆಡ್ಡು ಹೊಡೆಯುವವನು ಹೊಡೆಯುವುದು ತನ್ನ ಮೈಗೆ. ಎದುರಿನವನ ಮೈಗೆ ಒಂದು ಬೆರಳೂ ತಾಗುವುದಿಲ್ಲ, ಬಾಯಿಂದ ಒಂದು ಮಾತೂ ಬರುವುದಿಲ್ಲ. ಕಣದ ಭಾಷೆಯಲ್ಲಿ ‘ಇಂಥವನಿಗೆ ಸೆಡ್ಡು ಹೊಡೆದ’ ಎಂಬ ಮಾತು ಅಪರೂಪ. ‘ಸೆಡ್ಡು ಹೊಡದಾನ ನೋಡ್ರಿ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾರಿಗೆ ಎಂಬ ಪ್ರಶ್ನೆಯೇ ಇಲ್ಲ. ಆ ‘ಗೆ’ ಪ್ರತ್ಯಯ ಅಂಟಿದ್ದು ಪದ ಕಣ ಬಿಟ್ಟು ಪೇಟೆಗೆ ಬಂದ ಮೇಲೆ. ಆಗಿನಿಂದ ಸೆಡ್ಡು ಇನ್ನೊಬ್ಬರ ಮೈಮೇಲೆ ಬೀಳತೊಡಗಿತು. ಸಿಟ್ಟು, ಬಂಡಾಯ, ಅವಮಾನ ಎಲ್ಲ ಅದರೊಳಗೆ ಸೇರಿಕೊಂಡವು. ಕನ್ನಡದ ಕಿವಿಗೆ ಸೇಡು, ಸೆಡವು ಎರಡೂ ಸೆಡ್ಡಿನ ಪಕ್ಕದಲ್ಲೇ ಕೇಳಿಸುತ್ತವೆ. ಸದ್ದಿನ ಈ ನೆರೆಯೂ ಅದನ್ನು ಆ ಕಡೆಗೆ ಎಳೆದಿರಬಹುದು ಎಂದು ನನಗೆ ಅನಿಸುತ್ತದೆ. ಸಡ್ಡೆಯ ಜತೆಗೂ ಇದನ್ನು ಕಲಸುವವರಿದ್ದಾರೆ. ಸಡ್ಡೆ ಅಂದರೆ ಲಕ್ಷ್ಯ, ಗಣನೆ. ಸಡ್ಡೆ ಮಾಡದವನು ಎದುರಾಳಿಯನ್ನು ಲೆಕ್ಕಕ್ಕೇ ಇಟ್ಟಿಲ್ಲ. ಸೆಡ್ಡು ಹೊಡೆಯುವವನು ಅವನನ್ನು ಪೂರ್ತಿ ಲೆಕ್ಕಕ್ಕೆ ಇಟ್ಟುಕೊಂಡಿದ್ದಾನೆ.

ಕಣದಲ್ಲಿ ಒಬ್ಬನ ಸೆಡ್ಡಿಗೆ ಇನ್ನೊಬ್ಬನ ಸೆಡ್ಡು ಉತ್ತರ. ಆಮೇಲೆ ಇಬ್ಬರೂ ಒಂದೊಂದು ಹಿಡಿ ಮಣ್ಣು ತೆಗೆದು ಒಬ್ಬರ ಮೈಗೆ ಒಬ್ಬರು ಎರಚಿಕೊಳ್ಳುತ್ತಾರೆ, ಬೆವರಿನಲ್ಲಿ ಹಿಡಿತ ಜಾರದಿರಲಿ ಎಂದು. ಎದುರಾಳಿ ತನ್ನನ್ನು ಗಟ್ಟಿಯಾಗಿ ಹಿಡಿಯಲೆಂದು ಅವನಿಗೆ ಮಣ್ಣು ಒದಗಿಸುವ ಈ ನಡತೆಯನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ. ಬಳಿಕ ಸಲಾಮಿ, ಬಳಿಕ ಕುಸ್ತಿ. ಒಮ್ಮೆ ಸೆಡ್ಡು ಹೊಡೆದ ಮೇಲೆ ಒಂದು ಬೆನ್ನು ಮಣ್ಣಿಗೆ ತಾಗಲೇಬೇಕು. ಹೇಳಿಕೆ ಕೊಟ್ಟು ಸಂಜೆಗೆ ಹಿಂತೆಗೆದುಕೊಳ್ಳುವುದಕ್ಕೆ ಈ ಪದವನ್ನು ಬಳಸುವಾಗ ನನಗೆ ನೋವಾಗುವುದು ಇದಕ್ಕೇ.

ಮಲ್ಲರು ತೋಳು ತಟ್ಟುವುದಕ್ಕೆ ಸಂಸ್ಕೃತದ ಕವಿಗಳಲ್ಲಿ ‘ಆಸ್ಫೋಟನ’ ಎಂಬ ಪದವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅದು ಮಲ್ಲರನ್ನು ಅವರ ಬಲ, ಪ್ರಾಯ, ವಿದ್ಯೆ ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತದೆ. ಹಾವೇರಿಯ ಸಿದ್ಧೇಶ್ವರ ಗುಡಿಯನ್ನು ಕಟ್ಟಿಸಿದ್ದು ಅದೇ ಚಾಲುಕ್ಯರ ಕಾಲದಲ್ಲಿ. ಕುಸ್ತಿಯ ಮೊದಲ ನ್ಯಾಯ ಸಮಬಲದ ಜೋಡಿ ಎಂಬುದು ಆಗಲೇ ಈ ನೆಲಕ್ಕೆ ಗೊತ್ತಿತ್ತು.

ಜೋಡಿಯ ವಿಷಯ ಬಂದಾಗ ನಮ್ಮ ಕಡೆಯ ಪಂಚರು ಬಹಳ ಕಟ್ಟುನಿಟ್ಟು. ಇಬ್ಬರು ಹುಡುಗರನ್ನು ಒತ್ತಟ್ಟಿಗೆ ನಿಲ್ಲಿಸಿ ಕತ್ತು, ಹೆಗಲು, ಮಣಿಕಟ್ಟು ನೋಡುತ್ತಾರೆ. ಯಾವ ಊರು, ಯಾವ ಗರಡಿ, ಯಾರ ಕೈಯಲ್ಲಿ ಕಲಿತಿದ್ದಿ ಎಂದು ಕೇಳುತ್ತಾರೆ. ದೊಡ್ಡ ಪೈಲ್ವಾನ ಕೈ ಎತ್ತಿಕೊಂಡು ಕಣ ಸುತ್ತುತ್ತಾನೆ, ತನಗೆ ಜೋಡಿ ಯಾರು ಎಂದು ಹುಡುಕಿಕೊಂಡು. ಪಂಚರು ತಪ್ಪಿದರೆ ಜನ ಬಿಡುವುದಿಲ್ಲ: “ಜೋಡಿ ಅಲ್ರೀ ಅದು, ಬಿಡಸ್ರಿ, ಸಣ್ಣ ಹುಡುಗ ಐತಿ!” ಸಮಬಲ ಇಲ್ಲದ ಕಡೆ ಸೆಡ್ಡಿಗೂ ಬೆಲೆ ಇಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತು.

‘ಬರಕ್ಕೆ ಸೆಡ್ಡು ಹೊಡೆದ ರೈತ’ ಎಂಬ ತಲೆಬರಹವನ್ನು ಈ ಕಣ್ಣಿನಿಂದ ಓದಿ. ತನ್ನ ಮೈಯನ್ನೇ ಪಣಕ್ಕಿಟ್ಟು ದುಡಿಯುವವನಿಗೆ ಆ ಪದ ಸಲ್ಲುತ್ತದೆ, ನಿಜ. ಶಾಸಕನಿಗಿಂತ ಅವನಿಗೇ ಹೆಚ್ಚು ಸಲ್ಲುತ್ತದೆ. ಆದರೆ ಬರ ಮತ್ತು ರೈತ ಜೋಡಿಯೇ? ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬಣ್ಣಕ್ಕೆ, ಕಡಿಮೆ ಖಾರಕ್ಕೆ ದೇಶವೇ ಅದನ್ನು ಬಲ್ಲದು. ಅದೇ ಊರಿನ ಎಪಿಎಂಸಿಯಲ್ಲಿ 2024ರ ಮಾರ್ಚ್‌ನಲ್ಲಿ ಒಂದೇ ದಿನ ದರ ಕುಸಿದಾಗ ಚೀಲ ತಂದಿದ್ದ ರೈತರ ಸಹನೆಯ ಕಟ್ಟೆಯೊಡೆದು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಇಟ್ಟದ್ದು ಸರಿ ಎಂದು ನಾನು ಹೇಳಲಾರೆ. ಆದರೆ ವರ್ಷದ ದುಡಿಮೆಯ ಚೀಲ ಒಂದು ಕಡೆ, ಒಂದು ಹೊತ್ತಿನಲ್ಲಿ ಬಿದ್ದುಹೋಗುವ ದರ ಇನ್ನೊಂದು ಕಡೆ ನಿಂತಾಗ “ಜೋಡಿ ಅಲ್ರೀ ಅದು” ಎಂದು ಕೂಗುವ ಪಂಚರು ಬೇಕಿತ್ತು. ರೈತ ಸೆಡ್ಡು ಹೊಡೆದ ಎಂದು ಬರೆದು ಕೈತೊಳೆದುಕೊಂಡರೆ ನಾವೆಲ್ಲ ಬರೀ ನೋಡುವವರಾಗಿ ಉಳಿಯುತ್ತೇವೆ.

ಈಗಿನ ಹುಡುಗರಿಗೆ ಕುಸ್ತಿ ಅಂದ ಕೂಡಲೇ ಟಿವಿಯ ಡಬ್ಲ್ಯುಡಬ್ಲ್ಯುಇ ನೆನಪಾಗುತ್ತದೆ. ಅಂಡರ್‌ಟೇಕರ್, ಗ್ರೇಟ್ ಖಲಿ ಹೆಸರು ಹಾವೇರಿಯ ಓಣಿಯಲ್ಲೂ ಮನೆಮಾತು. ಆ ಆಟದ ಫಲಿತಾಂಶ ಮೊದಲೇ ಬರೆದಿಟ್ಟದ್ದು ಎಂದು ಎಲ್ಲರಿಗೂ ಗೊತ್ತು, ಆದರೆ ಬೀಳುವ ಮೈ ನಿಜದ್ದು, ಅದರ ಕಸುಬು ದೊಡ್ಡದು. ಅದನ್ನು ಹೀಗಳೆಯುವುದಕ್ಕೆ ನನಗೆ ಮನಸ್ಸಿಲ್ಲ. ಅಲ್ಲಿನ ಸೆಡ್ಡು ಮಾತಿನದು. ಮೈಕು ಪೈಲ್ವಾನನ ಕೈಯಲ್ಲಿರುತ್ತದೆ, ಅವನು ಎದುರಾಳಿಯ ಜನ್ಮ ಜಾಲಾಡುತ್ತಾನೆ. ನಮ್ಮ ಕಣದಲ್ಲಿ ಮೈಕು ಕಮಿಟಿಯವರ ಕೈ ಬಿಡುವುದಿಲ್ಲ. ಪೈಲ್ವಾನನಿಗೆ ಇರುವುದು ತೋಳು, ತೊಡೆ, ಅಂಗೈ. ಇನ್ನು ದಾವಣಗೆರೆ, ಧಾರವಾಡದ ಕ್ರೀಡಾ ಹಾಸ್ಟೆಲಿನ ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ಸೀಟಿ ಊದಿದರೆ ಶುರು, ಅಂಕಕ್ಕೆ ಗೆಲುವು. ಅಲ್ಲಿ ಸೆಡ್ಡಿಗೆ ಹೊತ್ತೇ ಇಲ್ಲ. ಮ್ಯಾಟಿನಲ್ಲಿ ಪಳಗಿದ ಹುಡುಗರೇ ಜಾತ್ರೆಗೆ ಬಂದು ಮಣ್ಣಿಗಿಳಿದಾಗ ತೊಡೆ ತಟ್ಟುತ್ತಾರೆ.

ಮೈ ತಟ್ಟದೆ ಕಾಗದದ ಮೇಲೆ ಹೊಡೆದೂ ಮಾತು ಉಳಿಸಿಕೊಂಡ ಸೆಡ್ಡು ನನಗೆ ಗೊತ್ತಿರುವುದು ಗಾಮಾ ಪೈಲ್ವಾನನದು. 1910ರಲ್ಲಿ ಲಂಡನ್ನಿಗೆ ಹೋದಾಗ ಆಳು ಗಿಡ್ಡ ಎಂದು ಅವನನ್ನು ಪಂದ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಯಾವ ತೂಕದವರಾದರೂ ಸರಿ, ಮೂವರನ್ನು ಅರ್ಧ ತಾಸಿನಲ್ಲಿ ಕೆಡವುತ್ತೇನೆ ಎಂದು ಅವನು ಸಾರಿದ. ಅಮೆರಿಕದ ರೋಲರ್‌ನನ್ನು ಸೋಲಿಸಿದ ಮೇಲೆ ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್‌ಬಿಷ್ಕೊ ಎದುರಾದ. ಅವನು ಎರಡೂವರೆ ತಾಸಿಗೂ ಮೇಲೆ ನೆಲ ಕಚ್ಚಿ ಮಲಗಿ ಬಚಾವಾದ. ನಿಕಾಲಿ ಆಗಲಿಲ್ಲ. ವಾರದ ಬಳಿಕ ಮತ್ತೆ ಕರೆದರೆ ಕಣಕ್ಕೇ ಬರಲಿಲ್ಲ. ಬಾಕಿ ಉಳಿದ ಆ ಕುಸ್ತಿ 1928ರಲ್ಲಿ ಪಟಿಯಾಲಾದಲ್ಲಿ ನಡೆಯಿತು. ಗಾಮಾನಿಗೆ ಆಗ ಒಂದು ನಿಮಿಷವೂ ಬೇಕಾಗಲಿಲ್ಲ.

ಈಚಿನ ವರ್ಷಗಳಲ್ಲಿ ಜಾತ್ರೆಯ ಕಣಕ್ಕೆ ಹುಡುಗಿಯರೂ ಇಳಿಯುತ್ತಿದ್ದಾರೆ. ಹಳಿಯಾಳ, ಗದಗ, ಧಾರವಾಡದ ಕಡೆಯಿಂದ ಬಂದವರು. ಹುಡುಗಿಯೊಬ್ಬಳು ಮಣ್ಣು ಮುಟ್ಟಿ ಎದ್ದು ತೊಡೆ ತಟ್ಟಿದಾಗ ಗಂಡಸರ ಗದ್ದಲ ಒಂದು ಗಳಿಗೆ ನಿಂತು, ಆಮೇಲೆ ಹಲಗೆಯವರು ಎರಡರಷ್ಟು ಜೋರಾಗಿ ಬಾರಿಸಿದ್ದನ್ನು ನಾನು ಕೇಳಿದ್ದೇನೆ. ಸೆಡ್ಡು ಈ ನೂರು ವರ್ಷದಲ್ಲಿ ಕಂಡ ಒಳ್ಳೆಯ ತಿರುವು ಇದೇ ಎಂದು ನನ್ನ ನಂಬಿಕೆ. ಪತ್ರಿಕೆಯವರು ಅದನ್ನು ಎಲ್ಲೆಲ್ಲಿಗೆ ಒಯ್ದರೂ ಇಷ್ಟು ದೂರ ಒಯ್ದಿಲ್ಲ.

ಸುದ್ದಿಮನೆಯ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟು: ಕಣಕ್ಕಿಳಿಯದವರಿಗೆ ಈ ಪದ ಕೊಡಬೇಡಿ. ವಿರೋಧ, ಅಸಮಾಧಾನ, ಬಂಡಾಯ, ಸವಾಲು ಎಲ್ಲಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ. ಓದುಗರಲ್ಲಿ ಇನ್ನೊಂದು ಕೇಳಿಕೆ. ಮುಂದಿನ ಜಾತ್ರೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಕಣದಂಚಿಗೆ ಕೂತು ನೋಡಿ. ಗೆದ್ದವನು ಜನರ ನಡುವೆ ಸುತ್ತು ಬರುತ್ತಾನೆ, ನೋಟು ಕೊಡುವವರು ಬಹಳ ಮಂದಿ. ಸೋತವನು ಅಂಗಿ ಹುಡುಕಿಕೊಂಡು ಸುಮ್ಮನೆ ಹೊರಟಿರುತ್ತಾನೆ. ಅವನೂ ವರ್ಷಗಟ್ಟಲೆ ಹಾಲು, ಬಾದಾಮಿಗೆ ಮನೆಯವರ ದುಡ್ಡು ಸುರಿದು ಬಂದವನು. ಅವನನ್ನು ಕರೆದು ಬೆನ್ನು ತಟ್ಟಿ, ಅವನ ಕೈಗೂ ಒಂದು ನೋಟು ಇಡಿ.